ಬೋರ್ ಮಾಡಿಸಿದ ಜೀಪು ಸ್ಟಾರ್ಟ್ ಆಗದಿದ್ದರೆ?

ಹಳೇ ಡೀಸೆಲ್ ಜೀಪುಗಳು ನಮ್ಮ ಕಡೆ ಇನ್ನೂ ಉಂಟು. ಕಾಣಿಯೂರು, ಚಾರ್ವಾಕ, ದೋಳ್ಪಾಡಿ, ಎಡಮಂಗಲದ ಒಳದಾರಿಗಳಲ್ಲಿ ಗೊಬ್ಬರ ತರುವುದಕ್ಕೂ ಅಡಿಕೆ ಸಾಗಿಸುವುದಕ್ಕೂ ರಾತ್ರಿ ಹೊತ್ತು ರೋಗಿಯನ್ನು ಪುತ್ತೂರಿಗೆ ಮುಟ್ಟಿಸುವುದಕ್ಕೂ ಅದೇ ಆಗಬೇಕು. ಅಂಥ ಜೀಪಿನ ಎಂಜಿನು ಹೊಗೆ ಕಾರಿ, ಆಯಿಲ್ ಕುಡಿದು, ಏರು ಹತ್ತಲಾರೆ ಎಂದಾಗ ಬೋರ್ ಮಾಡಿಸುತ್ತೇವೆ. ಲೈನರ್, ಪಿಸ್ಟನ್, ರಿಂಗು, ಬೇರಿಂಗು, ಹೆಡ್ಡಿನ ಕೆಲಸ ಎಲ್ಲ ಸೇರಿದರೆ ಸಣ್ಣ ಕೃಷಿಕನಿಗೆ ಅದು ಸಣ್ಣ ಖರ್ಚಲ್ಲ.

ಇಷ್ಟೆಲ್ಲ ಆದ ಮೇಲೆ ಎಂಜಿನು ಸ್ಟಾರ್ಟೇ ಆಗದಿದ್ದರೆ? ಆಗ ಮಾಡುವ ಗಡಿಬಿಡಿಯಲ್ಲಿ ಹೊಸ ಎಂಜಿನೇ ಹಾಳಾಗುವುದುಂಟು. ಎಳೆಯುವುದು, ಇಳಿಜಾರಿನಲ್ಲಿ ಬಿಡುವುದು, ಗಾಳಿ ಬಾಯಿಗೆ ಪೆಟ್ರೋಲ್ ಬಟ್ಟೆ ಹಿಡಿಯುವುದು ಎಲ್ಲ ನಡೆಯುತ್ತದೆ. ಇವುಗಳ ಬದಲಿಗೆ ಕ್ರಮದಲ್ಲಿ ಹುಡುಕಿದರೆ ಹೆಚ್ಚಿನ ತೊಂದರೆಗಳು ಅಂಗಳದಲ್ಲೇ ಗೊತ್ತಾಗುತ್ತವೆ. ದೊಡ್ಡ ಉಪಕರಣ ಬೇಡ. ಪಾನದ ಸೆಟ್ಟು, ಒಂದು ಟೆಸ್ಟ್ ಲ್ಯಾಂಪು, ಸಾಧ್ಯವಿದ್ದರೆ ಒಂದು ಮಲ್ಟಿಮೀಟರು ಸಾಕು. ಡೀಸೆಲ್ ಪಂಪ್‌ಸೆಟ್ ಸಂಭಾಳಿಸಿ ಗೊತ್ತಿದ್ದವರಿಗೆ ಇದರಲ್ಲಿ ಅರ್ಧ ಪಾಠ ಈಗಾಗಲೇ ಗೊತ್ತಿರುತ್ತದೆ.

ಕೈ ಮುಟ್ಟಿದ ಜಾಗದಲ್ಲೇ ಹುಡುಕಿ

ಓಡುತ್ತಿದ್ದ ಗಾಡಿ ಒಂದು ದಿನ ನಿಂತರೆ ಏನೋ ಸವೆದಿರಬಹುದು, ಒಡೆದಿರಬಹುದು. ಬಿಚ್ಚಿ ಕೂಡಿಸಿದ ಎಂಜಿನಿನ ಕತೆ ಬೇರೆ. ಸವೆದದ್ದನ್ನೆಲ್ಲ ಬದಲಿಸಿ ಆಗಿದೆ. ಈಗ ಇರುವ ತೊಂದರೆ ಬಹುಪಾಲು ಜೋಡಣೆಯದ್ದು: ಸಿಕ್ಕಿಸದೆ ಬಿಟ್ಟ ವಯರು, ಅದಲುಬದಲಾದ ಪೈಪು, ಒಳಗೆ ಉಳಿದ ಗಾಳಿ, ತಪ್ಪಿದ ಗುರುತು, ಬಿಗಿಯಾದ ಟ್ಯಾಪೆಟ್.

ಆದ್ದರಿಂದ ಮೊದಲ ಕೆಲಸ ಕಾಗದ, ಪೆನ್ನು ಹಿಡಿಯುವುದು. ಏನೇನು ಬಿಚ್ಚಿದ್ದು, ಏನು ಹೊಸತು ಹಾಕಿದ್ದು, ಯಾವುದು ಹೊರಗೆ ಹೋಗಿ ಬಂದದ್ದು, ಎಲ್ಲವನ್ನೂ ಪಟ್ಟಿ ಮಾಡಿ. ಬ್ಲಾಕು ಮತ್ತು ಹೆಡ್ಡು ಲೇತ್ ಶಾಪಿಗೆ, ಡೀಸೆಲ್ ಪಂಪು ಮತ್ತು ನೋಝಲ್ ಪಂಪು ರೂಮಿಗೆ, ಸೆಲ್ಫ್ ಮೋಟರು ಇಲೆಕ್ಟ್ರಿಷಿಯನ್ ಕೈಗೆ ಹೋಗಿರುತ್ತದೆ. ಅವರವರು ಅವರವರ ಕೆಲಸ ಸರಿಯಾಗಿಯೇ ಮಾಡಿರಬಹುದು. ಒಬ್ಬರ ಕೆಲಸ ಇನ್ನೊಬ್ಬರ ಕೆಲಸಕ್ಕೆ ಕೂಡುವ ಜಾಗದಲ್ಲಿ ತಪ್ಪು ಕೂತಿರುತ್ತದೆ.

ಡೀಸೆಲಿಗೆ ಬೇಕಾದ್ದು ಮೂರೇ

ರುಡಾಲ್ಫ್ ಡೀಸೆಲ್ 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ಓಡಿಸಿ ತೋರಿಸಿದ ಎಂಜಿನಿನ ತತ್ವವೇ ಇಂದಿಗೂ ನಮ್ಮ ಜೀಪಿನಲ್ಲಿರುವುದು. ಇಲ್ಲಿ ಕಿಡಿ ಇಲ್ಲ. ಸಿಲಿಂಡರಿನ ಗಾಳಿಯನ್ನು ಸುಮಾರು ಇಪ್ಪತ್ತರಲ್ಲಿ ಒಂದು ಪಾಲಿಗೆ ಒತ್ತಿದಾಗ ಅದು 500 ಡಿಗ್ರಿ ಸೆಲ್ಸಿಯಸ್‌ಗೂ ಮಿಕ್ಕಿ ಬಿಸಿಯಾಗುತ್ತದೆ. ಆ ಕ್ಷಣಕ್ಕೆ ಸರಿಯಾಗಿ ನೋಝಲ್ ಡೀಸೆಲನ್ನು ಮಂಜಿನ ಹಾಗೆ ಚಿಮ್ಮಿಸಿದರೆ ಬೆಂಕಿ ತಾನಾಗಿ ಹತ್ತುತ್ತದೆ.

ಹಾಗಾಗಿ ಬೇಕಾದ್ದು ಮೂರು. ಒಂದು, ಎಂಜಿನು ಸಾಕಷ್ಟು ವೇಗದಲ್ಲಿ ತಿರುಗಬೇಕು. ಎರಡು, ಗಾಳಿ ಸೋರದೆ ಒತ್ತಲ್ಪಡಬೇಕು. ಮೂರು, ಡೀಸೆಲ್ ಸರಿಯಾದ ಹೊತ್ತಿಗೆ ಒಳಗೆ ಬೀಳಬೇಕು. ಸ್ಟಾರ್ಟ್ ಆಗದ ಯಾವ ಡೀಸೆಲ್ ಎಂಜಿನಾದರೂ ಈ ಮೂರರಲ್ಲಿ ಒಂದರಲ್ಲಿ ಸೋತಿರುತ್ತದೆ.

ನಮ್ಮ ಕಡೆಯ ಹಳೇ ಮಹೀಂದ್ರ ಜೀಪುಗಳಲ್ಲಿ ಎರಡು ಎಂಜಿನು ಹೆಚ್ಚು ಕಾಣಸಿಗುತ್ತವೆ. ಒಂದು 2112 ಸಿಸಿಯ ಪ್ಯೂಜೋ. ಇದಕ್ಕೆ ಹೀಟರ್ ಪ್ಲಗ್ ಉಂಟು, ತಣ್ಣಗಿರುವಾಗ ಅದು ಕಾಯದಿದ್ದರೆ ಸ್ಟಾರ್ಟ್ ಆಗಲು ಹಟ ಮಾಡುತ್ತದೆ. ಇನ್ನೊಂದು 2523 ಸಿಸಿಯ ಡಿಐ, ಅಂದರೆ ಡೀಸೆಲ್ ನೇರ ಪಿಸ್ಟನ್ ತಲೆಯ ಮೇಲೆಯೇ ಬೀಳುವಂಥದ್ದು. ನಮ್ಮ ಹವೆಗೆ ಇದು ಹೀಟರಿನ ಹಂಗಿಲ್ಲದೆ ಹೊರಡಬೇಕು.

ಮೊದಲು ಕೈಯಲ್ಲಿ ತಿರುಗಿಸಿ

ಬೋರ್ ಆದ ಎಂಜಿನಿಗೆ ಒಮ್ಮೆಲೇ ಸೆಲ್ಫ್ ಹೊಡೆಯಬಾರದು. ಬ್ಯಾಟರಿಯ ಒಂದು ಕ್ಲ್ಯಾಂಪು ತೆಗೆದಿಡಿ. ಗೇರು ನ್ಯೂಟ್ರಲ್ ಮಾಡಿ, ಮುಂದಿನ ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಪಾನ ಕೊಟ್ಟು ಎಂಜಿನು ತಿರುಗುವ ದಿಕ್ಕಿಗೇ ನಿಧಾನ ಎರಡು ಪೂರ್ತಿ ಸುತ್ತು ತಿರುಗಿಸಿ. ಎದುರು ನಿಂತು ನೋಡುವಾಗ ಅದು ಗಡಿಯಾರದ ದಿಕ್ಕು.

ಹೊಸ ರಿಂಗು, ಹೊಸ ಬೇರಿಂಗು ಇರುವಾಗ ಸ್ವಲ್ಪ ಬಿಗಿ ಸಹಜ. ಆದರೆ ಆ ಬಿಗಿ ಎಲ್ಲ ಕಡೆ ಒಂದೇ ರೀತಿ ಇರಬೇಕು. ಒಂದು ಜಾಗದಲ್ಲಿ ಟಕ್ಕೆಂದು ನಿಂತರೆ ಒತ್ತಾಯ ಮಾಡಬೇಡಿ. ವಾಲ್ವು ಪಿಸ್ಟನಿಗೆ ತಾಗುತ್ತಿರಬಹುದು ಅಥವಾ ಸಿಲಿಂಡರಿನಲ್ಲಿ ನೀರೋ ಡೀಸೆಲೋ ನಿಂತಿರಬಹುದು. ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲಿಕ್ಕಾಗುವುದಿಲ್ಲ. ಅಂಥ ಎಂಜಿನಿಗೆ ಸೆಲ್ಫ್ ಹೊಡೆದರೆ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಸಂಶಯ ಬಂದರೆ ಹೀಟರ್ ಪ್ಲಗ್ ಅಥವಾ ನೋಝಲ್ ತೆಗೆದು ತಿರುಗಿಸಿ, ಒಳಗಿದ್ದದ್ದು ಹೊರಗೆ ಬರಲಿ. ಮುಖ ಮಾತ್ರ ದೂರ ಇರಲಿ.

ಇದು ಸರಿ ಕಂಡರೆ ಬ್ಯಾಟರಿ ಸಿಕ್ಕಿಸಿ, ಸ್ಟಾಪ್ ಎಳೆದು ಹಿಡಿದು (ಡೀಸೆಲ್ ಬಂದ್ ಇರಲಿ) ಹತ್ತು ಸೆಕೆಂಡಿನಂತೆ ಸೆಲ್ಫ್ ಹೊಡೆಯಿರಿ. ನಡುವೆ ಒಂದು ನಿಮಿಷ ಬಿಡಿ. ಆಯಿಲ್ ಪ್ರೆಶರ್ ಬಂತೆಂದು ಖಾತ್ರಿಯಾಗುವ ತನಕ ಡೀಸೆಲ್ ಕೊಡಬಾರದು. ಆಯಿಲ್ ಮುಟ್ಟದೆ ಹೊರಟ ಹೊಸ ಬೇರಿಂಗಿನ ಆಯುಷ್ಯ ಬಹಳ ಕಡಿಮೆ.

ಸೆಲ್ಫ್ ಸುಸ್ತಾಗಿದೆಯೇ?

ಡೀಸೆಲ್ ಎಂಜಿನು ನಿಧಾನ ತಿರುಗಿದರೆ ಒತ್ತಿದ ಗಾಳಿಯ ಬಿಸಿ ಗೋಡೆಗೆ ಹೋಗಿ ತಣ್ಣಗಾಗುತ್ತದೆ, ರಿಂಗಿನ ಸಂದಿಯಲ್ಲಿ ಗಾಳಿಯೂ ಸೋರುತ್ತದೆ. ನಿಮಿಷಕ್ಕೆ 150ರಿಂದ 200 ಸುತ್ತಾದರೂ ಬೇಕು. ಕಿವಿಗೆ ಅದು ಒಂದೇ ಸಮನೆ ಗರಗರ ಕೇಳಬೇಕು. 'ಉಂಯ್... ಉಂಯ್...' ಎಂದು ಒಂದೊಂದೇ ಸಿಲಿಂಡರ್ ದಾಟುತ್ತಿದ್ದರೆ ಸಾಲದು.

ಇಂಥಲ್ಲಿ ಎಲ್ಲರೂ ಬ್ಯಾಟರಿಗೆ ಬೈಯುತ್ತಾರೆ. ಅದಕ್ಕೆ ಮೊದಲು ಅರ್ತ್ ನೋಡಿ. ಬೋರ್ ಕೆಲಸದಲ್ಲಿ ಬ್ಲಾಕಿಗೆ ಬಣ್ಣ ಬಳಿದು, ಅರ್ತ್ ಪಟ್ಟಿಯನ್ನು ಆ ಬಣ್ಣದ ಮೇಲೆಯೇ ಬಿಗಿದಿರುತ್ತಾರೆ. ಕೆಲವೊಮ್ಮೆ ಪಟ್ಟಿ ಹಾಕಲು ಮರೆತೇ ಹೋಗಿರುತ್ತದೆ. ಆಗ ಕರೆಂಟು ಆಕ್ಸಿಲರೇಟರ್ ಕೇಬಲ್ ಮೂಲಕ ದಾರಿ ಹುಡುಕುತ್ತದೆ, ಕೇಬಲ್ ಬಿಸಿಯಾಗುತ್ತದೆ.

ಮೀಟರಿದ್ದರೆ ಪರೀಕ್ಷೆ ಸುಲಭ. ಸುಮ್ಮನಿರುವಾಗ ಪೂರ್ತಿ ಚಾರ್ಜಾದ ಬ್ಯಾಟರಿಯಲ್ಲಿ 12.6 ವೋಲ್ಟು ಇರಬೇಕು. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಇಳಿಯಬಾರದು. ಇನ್ನು ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ ಕಂಬಕ್ಕೂ ಇನ್ನೊಂದನ್ನು ಎಂಜಿನಿನ ಬರಿಮೈ ಕಬ್ಬಿಣಕ್ಕೂ ಹಿಡಿದು ಸೆಲ್ಫ್ ಹೊಡೆಯಿರಿ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ತ್ ಸರಿಯಿಲ್ಲ. ಬಣ್ಣ ಕೆರೆದು ಬಿಗಿಯಿರಿ.

ಹೀಟರ್ ಪ್ಲಗ್ ಇರುವ ಎಂಜಿನಾದರೆ ಅದರ ವಯರು ಸಿಕ್ಕಿಸಿದ್ದಾರಾ ಎಂದೂ ನೋಡಬೇಕು. ಪಟ್ಟಿ ಬಿಚ್ಚಿ, ಬ್ಯಾಟರಿಯ ಪ್ಲಸ್ಸಿನಿಂದ ಟೆಸ್ಟ್ ಲ್ಯಾಂಪಿನ ಮೂಲಕ ಒಂದೊಂದೇ ಪ್ಲಗ್ಗಿನ ತುದಿ ಮುಟ್ಟಿ. ಲ್ಯಾಂಪು ಉರಿಯದ ಪ್ಲಗ್ಗು ಸತ್ತದ್ದು.

ಡೀಸೆಲ್ ಬರುತ್ತಾ ಉಂಟಾ?

ಟ್ಯಾಂಕಿನಿಂದ ಹೊರಟ ಡೀಸೆಲ್ ಫೀಡ್ ಪಂಪು, ಫಿಲ್ಟರು, ಡೀಸೆಲ್ ಪಂಪು, ಉಕ್ಕಿನ ಪೈಪು, ನೋಝಲ್ ಹೀಗೆ ಹೋಗುತ್ತದೆ. ಈ ದಾರಿಯಲ್ಲಿ ಬೋರ್ ಕೆಲಸದ ನಂತರ ಕಾಣುವ ತೊಂದರೆಗಳು ಇವು.

ಸ್ಟಾಪ್: ಸ್ಟಾಪ್ ಕೇಬಲ್ ಸಿಕ್ಕಿಸುವಾಗ ಗಿಡ್ಡವಾದರೆ ಪಂಪಿನ ಲಿವರು ಅರ್ಧ ಬಂದ್ ಆಗಿಯೇ ನಿಲ್ಲುತ್ತದೆ. ಬಾನೆಟ್ ಎತ್ತಿ ಕಣ್ಣಾರೆ ನೋಡಿ, ಲಿವರು ಪೂರ್ತಿ ಹಿಂದೆ ಬರಬೇಕು. ಕೀಲಿಯಲ್ಲಿ ಬಂದ್ ಆಗುವ ರೋಟರಿ ಪಂಪುಗಳಲ್ಲಿ ಒಂದು ಸೊಲೆನಾಯ್ಡ್ ಇರುತ್ತದೆ. ಕೀಲಿ ತಿರುಗಿಸಿದಾಗ ಅದರಲ್ಲಿ 'ಟಿಕ್' ಶಬ್ದ ಕೇಳಬೇಕು. ಆ ಒಂದು ವಯರು ಬಿಟ್ಟಿದ್ದರೆ ದಿನವಿಡೀ ಸೆಲ್ಫ್ ಹೊಡೆದರೂ ಒಂದು ಹನಿ ಡೀಸೆಲ್ ಹೋಗುವುದಿಲ್ಲ.

ಗಾಳಿ: ಪಂಪ್‌ಸೆಟ್ಟಿನವರಿಗೆ ಇದು ಗೊತ್ತಿದ್ದದ್ದೇ. ಮೊದಲು ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ, ಫೀಡ್ ಪಂಪಿನ ಕೈಗುಂಡಿ ಒತ್ತುತ್ತಾ ನೊರೆ ಹೋಗಿ ಸ್ವಚ್ಛ ಡೀಸೆಲ್ ಬರುವವರೆಗೆ ಬಿಡಿ. ಆಮೇಲೆ ಪಂಪಿನ ಸ್ಕ್ರೂ. ಕೊನೆಗೆ ನೋಝಲಿನ ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸಿ ಸೆಲ್ಫ್ ಹೊಡೆಯಿರಿ. ಎಲ್ಲ ನಾಲ್ಕರಲ್ಲಿಯೂ ಡೀಸೆಲ್ ಕಂಡ ಮೇಲೆ ಬಿಗಿಯಿರಿ. ಈ ಕ್ರಮ ತಪ್ಪಿದರೆ ಹಿಂದಿನ ಗಾಳಿ ಮುಂದಕ್ಕೆ ಬರುತ್ತಲೇ ಇರುತ್ತದೆ.

ಹೊಸ ಗಾಳಿ: ತೆಗೆದಷ್ಟೂ ಗಾಳಿ ಬರುತ್ತಿದ್ದರೆ ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ರಬ್ಬರ್ ಪೈಪು, ಕ್ಲಿಪ್ಪು, ತಾಮ್ರದ ವಾಷರು ನೋಡಿ. ಆ ಭಾಗದಲ್ಲಿ ಪಂಪು ಎಳೆಯುತ್ತಿರುವುದರಿಂದ ಡೀಸೆಲ್ ಹೊರಗೆ ಜಿನುಗದಿದ್ದರೂ ಗಾಳಿ ಒಳಗೆ ಹೋಗಬಹುದು.

ಅದಲುಬದಲು: ಬರುವ ಪೈಪು ಮತ್ತು ಟ್ಯಾಂಕಿಗೆ ಮರಳುವ ಪೈಪು ಆಚೀಚೆ ಆಗಿರಬಹುದು. ವಿಇ ಎಂಬ ರೋಟರಿ ಪಂಪಿನಲ್ಲಿ ಮರಳುವ ಬದಿಯ ಬೋಲ್ಟಿನೊಳಗೆ ಸೂಜಿಯಂಥ ಸಣ್ಣ ತೂತು ಮಾತ್ರ ಇರುತ್ತದೆ, ತಲೆಯ ಮೇಲೆ 'ಔಟ್' ಎಂದು ಇಂಗ್ಲಿಷಿನಲ್ಲಿ ಕೊರೆದಿರುತ್ತದೆ. ಅದನ್ನು ಬರುವ ಬದಿಗೆ ಹಾಕಿದರೆ ಪಂಪಿಗೆ ಉಸಿರು ಕಟ್ಟುತ್ತದೆ.

ನೋಝಲಿನ ವಾಷರು: ಹೆಡ್ಡಿನ ಗುಳಿಯಲ್ಲಿ ಹಳೇ ವಾಷರು ಉಳಿದು, ಅದರ ಮೇಲೆ ಹೊಸತು ಹಾಕಿದರೆ ನೋಝಲ್ ಎತ್ತರದಲ್ಲಿ ಕೂರುತ್ತದೆ. ಡೀಸೆಲ್ ಬೀಳಬೇಕಾದಲ್ಲಿ ಬೀಳುವುದಿಲ್ಲ, ಗಾಳಿಯೂ ಸೋರುತ್ತದೆ. ನೋಝಲ್ ತೆಗೆದಾಗ ಟಾರ್ಚು ಹಾಕಿ ನೋಡಿ.

ಒಂದು ಎಚ್ಚರಿಕೆ. ನೋಝಲ್ ಚಿಮ್ಮುವ ಒತ್ತಡ ಗಾಳಿಯ ಒತ್ತಡದ ನೂರು ಪಟ್ಟಿಗೂ ಹೆಚ್ಚು. ಆ ಚಿಮ್ಮು ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗಿನಿಂದ ಕಾಣುವ ಗಾಯ ಸೂಜಿ ಚುಚ್ಚಿದಷ್ಟೇ, ಒಳಗೆ ಕೊಳೆತು ಬೆರಳನ್ನೇ ಕತ್ತರಿಸಬೇಕಾದೀತು. ನೋಝಲನ್ನು ಹೊರಗೆ ಹಿಡಿದು ಪರೀಕ್ಷೆ ಮಾಡುವ ಕೆಲಸ ಪಂಪು ರೂಮಿನವರದ್ದು.

ಹೊಗೆ ಏನು ಹೇಳುತ್ತದೆ?

ಸೆಲ್ಫ್ ಹೊಡೆಯುವಾಗ ಒಬ್ಬರು ಸೈಲೆನ್ಸರಿನ ಬಳಿ ನಿಲ್ಲಿ. ಹೊಗೆಯೇ ಇಲ್ಲದಿದ್ದರೆ ಡೀಸೆಲ್ ಒಳಗೆ ಹೋಗುತ್ತಿಲ್ಲ. ಮೇಲೆ ಹೇಳಿದ ದಾರಿಯನ್ನೇ ಮತ್ತೆ ನೋಡಿ. ಬಿಳಿ ಹೊಗೆ, ಹಸಿ ಡೀಸೆಲಿನ ವಾಸನೆ ಬಂದರೆ ಡೀಸೆಲ್ ಹೋಗುತ್ತಿದೆ, ಉರಿಯುತ್ತಿಲ್ಲ. ಆಗ ನಿಧಾನದ ಸೆಲ್ಫ್, ಕಾಯದ ಹೀಟರು, ತಪ್ಪಿದ ಟೈಮಿಂಗ್, ಕಡಿಮೆ ಕಂಪ್ರೆಶನ್ ಇವುಗಳಲ್ಲಿ ಒಂದು. ಈ ಒಂದು ಪರೀಕ್ಷೆ ಹುಡುಕಾಟವನ್ನು ಅರ್ಧಕ್ಕೆ ಇಳಿಸುತ್ತದೆ.

ನಮ್ಮ ಜೀಪಿನಲ್ಲಿ ಕಂಡದ್ದು

ನಮ್ಮದು ಸಾಲು ಪಂಪಿನ ಡೀಸೆಲ್ ಜೀಪು. ಬ್ಲಾಕು, ಹೆಡ್ಡು ಪೇಟೆಗೆ ಹೋಗಿ ಬಂದವು. ಪಂಪು ಬೇರೊಂದು ಕಡೆ ಸರ್ವಿಸ್ ಆಗಿ ಬಂತು. ಜೋಡಿಸಿದ್ದು ನಮ್ಮ ಕೊಟ್ಟಿಗೆಯಲ್ಲೇ, ಊರಿನ ಒಬ್ಬ ಮೇಸ್ತ್ರಿ. ಕೈಗೆಲಸ ಚೊಕ್ಕ. ಮೇ ಕೊನೆಯ ದಿನಗಳು. ಮೈಲುತುತ್ತು, ಸುಣ್ಣ ತರಬೇಕು, ಮಳೆ ಹಿಡಿಯುವ ಮೊದಲು ಒಂದು ಮದ್ದು ಬಿಡಬೇಕು ಎಂಬ ತರಾತುರಿ. ಜೀಪು ಮಾತ್ರ ಎರಡು ಸಂಜೆ ಸೆಲ್ಫ್ ಹೊಡೆದರೂ ಜಪ್ಪಯ್ಯ ಅನ್ನಲಿಲ್ಲ.

"ಅಣ್ಣ, ಹೊಸ ಎಂಜಿನ್ ಅಲ್ವಾ, ಬಿಗಿ ಉಂಟು. ಒಂದು ಪಿಕಪ್ಪಿಗೆ ಕಟ್ಟಿ ಎಳೆದರೆ ಆಗ್ತದೆ" ಅಂದ.

"ಎಳೆಯುವುದು ಬೇಡ ಮಾರಾಯ. ನಾಳೆ ಬೆಳಿಗ್ಗೆ ಬಾ, ಒಂದೊಂದಾಗಿ ನೋಡುವ" ಎಂದೆ.

ಮರುದಿನ ಮೇಲಿನ ಕ್ರಮದಲ್ಲೇ ಬಂದೆವು. ಕೈಯಲ್ಲಿ ತಿರುಗಿಸಿದರೆ ಒಂದೇ ಸಮನೆ ಬಿಗಿ. ಸೆಲ್ಫಿನ ವೇಗ ಸಾಕಷ್ಟಿತ್ತು. ನಾಲ್ಕೂ ನೋಝಲಿಗೆ ಡೀಸೆಲ್ ಬರುತ್ತಿತ್ತು. ಸೈಲೆನ್ಸರಿನಲ್ಲಿ ದಟ್ಟ ಬಿಳಿ ಹೊಗೆ, ಕೈ ಹಿಡಿದರೆ ಅಂಗೈ ಒದ್ದೆ. ಅಲ್ಲಿಗೆ ಉಳಿದದ್ದು ಟೈಮಿಂಗ್ ಮತ್ತು ಕಂಪ್ರೆಶನ್.

ಇಲ್ಲಿ ಸ್ವಲ್ಪ ವಿವರ ಬೇಕು. ನಾಲ್ಕು ಹೊಡೆತದ ಎಂಜಿನಿನಲ್ಲಿ ಕ್ರ್ಯಾಂಕು ಎರಡು ಸುತ್ತು ತಿರುಗಿದಾಗ ಡೀಸೆಲ್ ಪಂಪು ಒಂದು ಸುತ್ತು. 1ನೇ ಪಿಸ್ಟನು ಆ ಎರಡು ಸುತ್ತಿನಲ್ಲಿ ಎರಡು ಸಲ ಮೇಲೆ ಬರುತ್ತದೆ. ಒಮ್ಮೆ ಗಾಳಿ ಒತ್ತಲು, ಒಮ್ಮೆ ಹೊಗೆ ಹೊರಹಾಕಲು. ಫ್ಲೈವೀಲಿನ ಗುರುತು ಎರಡು ಸಲವೂ ಕಿಂಡಿಯಲ್ಲಿ ಸರಿಯಾಗಿಯೇ ಕಾಣುತ್ತದೆ. ಹೊಗೆಯ ಸರದಿಯಲ್ಲಿ ಗುರುತು ನೋಡಿ ಪಂಪು ಕೂರಿಸಿದರೆ, ಕ್ರ್ಯಾಂಕಿನ ಲೆಕ್ಕದಲ್ಲಿ ಪೂರ್ತಿ ಒಂದು ಸುತ್ತು ತಪ್ಪಿದ ಹಾಗೆ. ಡೀಸೆಲ್ ಬೀಳುವ ಹೊತ್ತಿಗೆ ವಾಲ್ವು ತೆರೆದಿರುತ್ತದೆ, ಡೀಸೆಲ್ ಹಸಿಯಾಗಿಯೇ ಸೈಲೆನ್ಸರಿಗೆ ಹೋಗುತ್ತದೆ.

ಇದನ್ನು ಕಂಡುಹಿಡಿಯುವುದು ಹೀಗೆ. ಬ್ಯಾಟರಿ ಕ್ಲ್ಯಾಂಪು ತೆಗೆದು, ರಾಕರ್ ಕವರ್ ಬಿಚ್ಚಿ. 1-3-4-2 ಕ್ರಮದ ನಾಲ್ಕು ಸಿಲಿಂಡರಿನ ಎಂಜಿನಿನಲ್ಲಿ 1 ಮತ್ತು 4 ಒಟ್ಟಿಗೆ ಮೇಲೆ ಬರುವ ಜೋಡಿ. ಪುಲ್ಲಿ ತಿರುಗಿಸುತ್ತಾ 4ನೇ ಸಿಲಿಂಡರಿನ ರಾಕರುಗಳನ್ನು ನೋಡಿ. ಹೊಗೆಯ ವಾಲ್ವು ಮುಚ್ಚುತ್ತಾ, ಗಾಳಿಯ ವಾಲ್ವು ತೆರೆಯುತ್ತಾ ತೊಟ್ಟಿಲ ಹಾಗೆ ತೂಗುವ ಒಂದು ಕ್ಷಣ ಉಂಟು. ಆಗ 1ನೆಯದ್ದು ಗಾಳಿ ಒತ್ತಿ ಮೇಲೆ ನಿಂತಿರುತ್ತದೆ, ಅದರ ಎರಡೂ ರಾಕರು ಬೆರಳಿಗೆ ಸಡಿಲ ಸಿಗುತ್ತವೆ. ಪಂಪು ಡೀಸೆಲ್ ಕೊಡಬೇಕಾದದ್ದು ಇದಕ್ಕೆ ಸ್ವಲ್ಪ ಮೊದಲು.

ನಾವು ಪಂಪಿನ 1ನೇ ಪೈಪು ಬಿಚ್ಚಿ, ಸ್ಟಾಪ್ ಬಿಟ್ಟು, ಆಕ್ಸಿಲರೇಟರ್ ಪೂರ್ತಿ ಕೊಟ್ಟು ನಿಧಾನ ತಿರುಗಿಸಿದೆವು. ಪಂಪಿನ ಬಾಯಿಯಲ್ಲಿ ನಿಂತ ಡೀಸೆಲ್ ಕದಲಿ ಮೇಲೆದ್ದಾಗ ರಾಕರ್ ನೋಡಿದರೆ ತೂಗುತ್ತಿದ್ದದ್ದು 1ನೆಯದ್ದು, ಸಡಿಲ ಇದ್ದದ್ದು 4ನೆಯದ್ದು. ಅಂದರೆ ಸರಿಯಾಗಿ ತಿರುಗುಮುರುಗು. ಪಂಪು ಬಿಚ್ಚಿ, ಶಾಫ್ಟನ್ನು ಅರ್ಧ ಸುತ್ತು ತಿರುಗಿಸಿ, ಗುರುತು ಹೊಂದಿಸಿ ಕೂರಿಸಿದೆವು. ಪೈಪು ಬಿಗಿದು ಗಾಳಿ ತೆಗೆದು ಎರಡನೇ ಸೆಲ್ಫಿಗೆ ಎಂಜಿನು ಹೊರಟಿತು.

ಈ ತಿರುಗಿಸಿ ನೋಡುವ ಪರೀಕ್ಷೆ ಸಾಲು ಪಂಪಿಗೆ ಸರಿ. ರೋಟರಿ ಪಂಪುಗಳಲ್ಲಿ ಕೈಯ ವೇಗಕ್ಕೆ ಡೀಸೆಲ್ ಸರಿಯಾಗಿ ಬರುವುದಿಲ್ಲ. ಅಲ್ಲಿ ಗೇರಿನ, ಪಂಪಿನ ಗುರುತುಗಳನ್ನೇ ನೋಡಬೇಕು. ರೋಟರಿಯಲ್ಲಿ ನಾಲ್ಕು ಪೈಪುಗಳ ಕ್ರಮವೂ ತಪ್ಪಬಹುದು. ಪಂಪು ತಿರುಗುವ ದಿಕ್ಕಿನಲ್ಲಿ 1-3-4-2 ಬರಬೇಕು.

ಕಂಪ್ರೆಶನ್ ಇಲ್ಲವೇ?

ಟೈಮಿಂಗ್ ಸರಿಯಿದ್ದೂ ಬಿಳಿ ಹೊಗೆಯೇ ಆದರೆ ಗಾಳಿ ಸೋರುತ್ತಿದೆ. ಪುಲ್ಲಿಯನ್ನು ಕೈಯಲ್ಲಿ ತಿರುಗಿಸುವಾಗ ಪ್ರತಿ ಅರ್ಧ ಸುತ್ತಿಗೆ ಒಂದು ಸಿಲಿಂಡರ್ ಸ್ಪ್ರಿಂಗಿನ ಹಾಗೆ ಎದುರು ಒತ್ತಬೇಕು. ಒಂದು ಕಡೆ ಮೆತ್ತಗೆ ಜಾರಿದರೆ, ಪಂಪ್‌ಸೆಟ್ಟಿನ ಡಿಕಂಪ್ರೆಶನ್ ಲಿವರು ಎತ್ತಿದ ಹಾಗೆ, ಅಲ್ಲಿ ಸೋರಿಕೆ ಉಂಟು. ಕಿವಿಗೊಡಿ. 'ಸುಸ್' ಎಂದು ಗಾಳಿ ಬಾಯಿಯಲ್ಲಿ ಕೇಳಿದರೆ ಗಾಳಿಯ ವಾಲ್ವು, ಸೈಲೆನ್ಸರಿನಲ್ಲಿ ಕೇಳಿದರೆ ಹೊಗೆಯ ವಾಲ್ವು, ಆಯಿಲ್ ತುಂಬಿಸುವ ಬಾಯಿಯಲ್ಲಿ ಕೇಳಿದರೆ ರಿಂಗು. ರೇಡಿಯೇಟರಿನಲ್ಲಿ ಗುಳ್ಳೆ ಬಂದರೆ ಹೆಡ್ ಗ್ಯಾಸ್ಕೆಟ್.

ಹೊಸ ಕೆಲಸದಲ್ಲಿ ಹೆಚ್ಚಾಗಿ ಸಿಗುವುದು ಬಿಗಿಯಾದ ಟ್ಯಾಪೆಟ್. ವಾಲ್ವು ಅರೆದ ಮೇಲೆ ಅದು ಕೂರುವ ಮಟ್ಟ ಬದಲಾಗುತ್ತದೆ. ಹಳೇ ಅಳತೆಯಲ್ಲೇ ಬಿಟ್ಟರೆ ವಾಲ್ವು ಪೂರ್ತಿ ಮುಚ್ಚುವುದಿಲ್ಲ. ಕೈಪಿಡಿಯ ಅಳತೆಗೆ ಗೇಜ್ ಹಾಕಿ ಸರಿಪಡಿಸಿದರೆ ಆಯಿತು. ಎರಡನೆಯದ್ದು ಹೆಡ್ ಗ್ಯಾಸ್ಕೆಟಿನ ದಪ್ಪ. ಕೆಲವು ಡೀಸೆಲ್ ಎಂಜಿನುಗಳಿಗೆ ಬೇರೆ ಬೇರೆ ದಪ್ಪದ ಗ್ಯಾಸ್ಕೆಟ್ ಬರುತ್ತದೆ. ಪಿಸ್ಟನು ಬ್ಲಾಕಿನಿಂದ ಎಷ್ಟು ಮೇಲೆ ಬರುತ್ತದೆ ಎಂದು ಅಳೆದು ಆರಿಸಬೇಕು. ದಪ್ಪದ್ದು ಹಾಕಿದರೆ ಕಂಪ್ರೆಶನ್ ಕಡಿಮೆ, ತೆಳುವಾದರೆ ಪಿಸ್ಟನು ಹೆಡ್ಡಿಗೋ ವಾಲ್ವಿಗೋ ತಾಗುವ ಭಯ.

ಮೂರನೆಯದ್ದು ಕ್ಯಾಮಿನ ಗುರುತು ಒಂದು ಹಲ್ಲು ತಪ್ಪಿದ್ದು. ಮುಂದಿನ ಕವರ್ ಬಿಚ್ಚದೆಯೇ ಅಂದಾಜು ಮಾಡಬಹುದು. ರಾಕರು ತೂಗುವ ಸಿಲಿಂಡರಿನ ಪಿಸ್ಟನು ಆ ಹೊತ್ತಿಗೆ ಸರಿಯಾಗಿ ಮೇಲೆ ಇರಬೇಕು, ಫ್ಲೈವೀಲ್ ಗುರುತು ಕಿಂಡಿಯ ಸಮೀಪ ಕಾಣಬೇಕು. ತುಂಬ ಆಚೀಚೆ ಇದ್ದರೆ ಕವರ್ ಬಿಚ್ಚಲೇಬೇಕು.

ಗೇಜಿನಿಂದ ಅಳೆಯುವುದಾದರೆ ಡೀಸೆಲಿನ ಗೇಜೇ ಬೇಕು. ಪೆಟ್ರೋಲಿನದ್ದು ಈ ಒತ್ತಡ ತಡೆಯದು.

ಮಾಡಬಾರದ್ದು

ಎಳೆದು ಸ್ಟಾರ್ಟ್ ಮಾಡುವುದು: ಕ್ಯಾಮಿನ ಗುರುತು ತಪ್ಪಿದ್ದರೆ ವಾಲ್ವು ಬಗ್ಗುತ್ತದೆ, ಸಿಲಿಂಡರಿನಲ್ಲಿ ನೀರಿದ್ದರೆ ರಾಡ್ ಬಗ್ಗುತ್ತದೆ. ಸೆಲ್ಫ್ ಆದರೆ ಸೋತು ನಿಲ್ಲುತ್ತದೆ, ಎಳೆಯುವ ಗಾಡಿ ನಿಲ್ಲುವುದಿಲ್ಲ.

ಇಳಿಜಾರಿನಲ್ಲಿ ಬಿಡುವುದು: ಬೂಸ್ಟರ್ ಇರುವ ಗಾಡಿಯಲ್ಲಿ ಎಂಜಿನು ಓಡದಿದ್ದರೆ ಬ್ರೇಕು ಕಲ್ಲಿನ ಹಾಗೆ ಗಟ್ಟಿ. ನಮ್ಮ ಗುಡ್ಡೆ ದಾರಿಗಳಲ್ಲಿ ಅದು ಜೀವದ ಪ್ರಶ್ನೆ.

ಈಥರ್ ಸ್ಪ್ರೇ, ಪೆಟ್ರೋಲ್ ಬಟ್ಟೆ: ಹೊತ್ತಿಗೆ ಮೊದಲೇ ಸಿಡಿದು ಹೊಸ ರಿಂಗು ಒಡೆಯುತ್ತದೆ. ಹೀಟರ್ ಪ್ಲಗ್ ಕಾದಿದ್ದರೆ ಗಾಳಿ ಬಾಯಿಯಲ್ಲೇ ಬೆಂಕಿ.

ಸುಮ್ಮನೆ ಸೆಲ್ಫ್ ಹೊಡೆಯುತ್ತಿರುವುದು: ಉರಿಯದ ಡೀಸೆಲ್ ಬೋರಿನ ಗೋಡೆಯ ಆಯಿಲ್ ತೊಳೆದು ಸಂಪಿಗೆ ಇಳಿಯುತ್ತದೆ. ಕಂಪ್ರೆಶನ್ ಇನ್ನಷ್ಟು ಕಡಿಮೆಯಾಗುತ್ತದೆ, ಆಯಿಲ್ ನೀರಾಗುತ್ತದೆ. ನಮ್ಮಲ್ಲಿ ಡಿಪ್‌ಸ್ಟಿಕ್ಕಿನ ಮಟ್ಟ ಏರಿತ್ತು, ಡೀಸೆಲ್ ವಾಸನೆ ಬರುತ್ತಿತ್ತು. ಹೊಸ ಆಯಿಲನ್ನೇ ಚೆಲ್ಲಿ ಮತ್ತೆ ತುಂಬಿಸಬೇಕಾಯಿತು. ಬೇಸರವಾದರೂ ಬೇರಿಂಗಿಗಿಂತ ಆಯಿಲ್ ಅಗ್ಗ.

ಪೆಟ್ರೋಲ್ ಕಾರು, ಹೊಸ ಪಿಕಪ್ಪು

ಕಾರ್ಬ್ಯುರೇಟರಿನ ಹಳೇ ಮಾರುತಿ 800, ಓಮ್ನಿಗಳಿಗೂ ತತ್ವ ಇದೇ. ಹೊತ್ತಿಗೆ ಸರಿಯಾಗಿ ಡೀಸೆಲ್ ಬೀಳುವ ಬದಲು ಕಿಡಿ ಹಾರಬೇಕು, ಅಷ್ಟೇ. ಪ್ಲಗ್ ಬಿಚ್ಚಿ, ಅದರ ಮೈಯನ್ನು ಎಂಜಿನಿಗೆ ತಾಗಿಸಿ ಸೆಲ್ಫ್ ಹೊಡೆದು ಕಿಡಿ ನೋಡಿ. ಸುತ್ತಮುತ್ತ ಪೆಟ್ರೋಲ್ ಇರಬಾರದು. ಕಿಡಿಯಿದ್ದೂ ಕಾರ್ಬ್ಯುರೇಟರಿನಲ್ಲಿ ಢಬ್ ಎಂದು ಹಿಂದೆ ಹೊಡೆದರೆ ಡಿಸ್ಟ್ರಿಬ್ಯೂಟರು ಅರ್ಧ ಸುತ್ತು ತಪ್ಪಿರಬಹುದು ಅಥವಾ ವಯರು ಅದಲುಬದಲು. ಮೂರು ಸಿಲಿಂಡರಿನ ಈ ಎಂಜಿನಿನ ಕ್ರಮ 1-3-2.

ಹೊಸ ಪಿಕಪ್ಪು, ಕಾರುಗಳಲ್ಲಿರುವ ಕಾಮನ್ ರೈಲ್ ಡೀಸೆಲಿಗೆ ಮಾತ್ರ ಈ ಲೇಖನದ 'ನಟ್ಟು ಸಡಿಲಿಸಿ' ಎಂಬ ಮಾತು ಖಂಡಿತ ಅನ್ವಯಿಸಬೇಡಿ. ಅದರ ಪೈಪಿನ ಒತ್ತಡ ಸಾವಿರ ಬಾರ್ ದಾಟುತ್ತದೆ. ಅಲ್ಲಿ ಬ್ಯಾಟರಿ, ಅರ್ತ್, ಫ್ಯೂಸು, ಕ್ರ್ಯಾಂಕ್ ಮತ್ತು ಕ್ಯಾಮ್ ಸೆನ್ಸರಿನ ಪ್ಲಗ್ ಸಿಕ್ಕಿಸಿದ್ದಾರಾ ಎಂದು ನೋಡಿ ನಿಲ್ಲಿಸಿ. ಉಳಿದದ್ದು ಸ್ಕ್ಯಾನರ್ ಇರುವವರ ಕೆಲಸ.

ಸ್ಟಾರ್ಟ್ ಆಗುವ ಹೊತ್ತಿಗೆ

ಮೊದಲ ಸಲ ಸ್ಟಾರ್ಟ್ ಮಾಡುವಾಗ ಏರ್ ಕ್ಲೀನರಿನ ಪೈಪು ತೆಗೆದು, ಗಾಳಿ ಬಾಯಿ ಮುಚ್ಚುವಂಥ ಒಂದು ಹಲಗೆ ತುಂಡು ಹಿಡಿದು ಒಬ್ಬರು ನಿಲ್ಲಿ. ಸರ್ವಿಸ್ ಆಗಿ ಬಂದ ಪಂಪಿನ ರ್‍ಯಾಕ್ ಸಿಕ್ಕಿಕೊಂಡರೆ ಎಂಜಿನು ಕಿರಿಚಿಕೊಂಡು ಮೇಲೇರುತ್ತದೆ, ಕೀಲಿಯಲ್ಲಿ ನಿಲ್ಲುವುದಿಲ್ಲ. ಗಾಳಿ ಮುಚ್ಚಿದರೆ ನಿಲ್ಲುತ್ತದೆ. ಕೈ ಅಡ್ಡ ಹಿಡಿಯಬಾರದು.

ಸ್ಟಾರ್ಟ್ ಆದ ಕೂಡಲೇ ಆಯಿಲ್ ಲೈಟು ಆರಬೇಕು, ಆರದಿದ್ದರೆ ಬಂದ್ ಮಾಡಿ. ನೀರು, ಡೀಸೆಲ್, ಆಯಿಲ್ ಸೋರಿಕೆ ನೋಡಿ. ಗಂಟೆಗಟ್ಟಲೆ ಐಡಲಿನಲ್ಲಿ ಬಿಡಬೇಡಿ, ಹದವಾದ ಹೊರೆಯಲ್ಲಿ ಓಡಿದರೇ ರಿಂಗು ಕೂರುವುದು. ಮೊದಲ 500 ಕಿಲೋಮೀಟರಿಗೆ ಆಯಿಲ್ ಬದಲಿಸಿ, ಟ್ಯಾಪೆಟ್ ನೋಡಿಸಿ. ಹೆಡ್ ಬೋಲ್ಟ್ ಮತ್ತೆ ಬಿಗಿಯಬೇಕೇ ಎಂಬುದನ್ನು ಗ್ಯಾಸ್ಕೆಟಿನ ಜಾತಿ ನೋಡಿ, ಕೈಪಿಡಿಯಂತೆ ಮಾಡಿ.

ಬೋರಿಗೆ ಕೊಡುವ ಮೊದಲೇ

ಇಷ್ಟೆಲ್ಲ ಹುಡುಕಾಟವನ್ನು ತಪ್ಪಿಸುವ ಕೆಲಸ ಬಿಚ್ಚುವ ದಿನವೇ ಆಗಬೇಕು. ಈಗ ಎಲ್ಲರ ಕೈಯಲ್ಲೂ ಮೊಬೈಲ್ ಉಂಟು. ಪ್ರತಿ ಪೈಪು, ವಯರು, ಗುರುತಿನ ಫೋಟೋ ತೆಗೆಯಿರಿ. ಪಂಪು ಬಿಚ್ಚುವ ಮೊದಲು 1ನೇ ಸಿಲಿಂಡರನ್ನು ಗಾಳಿ ಒತ್ತಿದ ಸರದಿಯಲ್ಲಿ ಮೇಲೆ ನಿಲ್ಲಿಸಿ, ಪಂಪಿಗೂ ಬ್ಲಾಕಿಗೂ ಚಾಣದಿಂದ ಒಂದು ಗೆರೆ ಎಳೆಯಿರಿ. ಪೈಪುಗಳಿಗೆ ನಂಬರಿನ ಚೀಟಿ ಕಟ್ಟಿ, ತುದಿಗಳನ್ನು ಬಟ್ಟೆಯಿಂದ ಮುಚ್ಚಿ. ಬೋಲ್ಟುಗಳನ್ನು ಬೇರೆ ಬೇರೆ ಡಬ್ಬಿಗಳಲ್ಲಿಡಿ.

ಮೇಸ್ತ್ರಿಯೊಡನೆ ಜಗಳ ಬೇಡ. ಅವನ ಪಕ್ಕ ನಿಂತು, ಪಟ್ಟಿ ಹಿಡಿದು, ಒಂದು ಪರೀಕ್ಷೆ ಮುಗಿದ ಮೇಲೆ ಇನ್ನೊಂದು ಎಂದು ಗೆರೆ ಹೊಡೆಯುತ್ತಾ ಹೋಗಿ. ಒಂದೇ ಹೊತ್ತಿಗೆ ಎರಡು ಬದಲಾವಣೆ ಮಾಡಬೇಡಿ, ಯಾವುದರಿಂದ ಸರಿಯಾಯಿತೆಂದು ತಿಳಿಯುವುದಿಲ್ಲ. ಆ ಪಟ್ಟಿಯನ್ನು ಜೀಪಿನ ಆರ್.ಸಿ. ಜತೆಗೇ ಇಟ್ಟರೆ ಮುಂದಿನ ಸಲ ನಿಮಗೂ ಬೇಕಾದೀತು, ನೆರೆಮನೆಯವರಿಗೂ ಬೇಕಾದೀತು.